ಮಾತ್ರೆ ತೆಗೆದುಕೊಳ್ಳುತ್ತಾನೆ, ಮನೆಯಿಂದ ಹೊರಗೆ ಬರುವುದಿಲ್ಲ: ಪಿಯರ್ ಸಪೋರ್ಟ್ ಕುರಿತು ಪ್ರಶ್ನೋತ್ತರ

ಮಾನಸಿಕ ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಿರುವವರು ಮತ್ತು ಅವರ ಮನೆಯವರು ಸೇರಿಕೊಂಡಿರುವ ಮೈಸೂರು–ಮಂಡ್ಯ ಭಾಗದ ನಮ್ಮ ಗುಂಪಿನಲ್ಲಿ ಈ ವಾರ ಉತ್ತರಿಸುತ್ತಿರುವವರು ಮೈಸೂರಿನಲ್ಲಿ ಕೆಲಸ ಮಾಡುವ ಮನೋವೈದ್ಯಕೀಯ ಸಮಾಜ ಕಾರ್ಯಕರ್ತೆ. ಪ್ರಶ್ನೆ ಕೇಳಿದವರ ಕೋರಿಕೆಯಂತೆ ಅವರ ಹೆಸರುಗಳನ್ನು ಬಿಟ್ಟಿದ್ದೇವೆ.

ಪ್ರಶ್ನೆ (ಪಾಂಡವಪುರ ತಾಲ್ಲೂಕಿನ ತಾಯಿಯೊಬ್ಬರು): ನನ್ನ ಮಗನಿಗೆ 27 ವರ್ಷ. ಸ್ಕಿಜೋಫ್ರೇನಿಯಾ ಎಂದು ಗೊತ್ತಾಗಿ ಮೂರು ವರ್ಷವಾಯಿತು. ಕಿವಿಯಲ್ಲಿ ದನಿ ಕೇಳಿಸುವುದು ನಿಂತಿದೆ, ಮಾತ್ರೆಯನ್ನು ತಪ್ಪಿಸುವುದಿಲ್ಲ. ಆದರೆ ಹನ್ನೊಂದು ಗಂಟೆಯವರೆಗೆ ಮಲಗಿರುತ್ತಾನೆ, ಸ್ನಾನಕ್ಕೆ ಹತ್ತು ಸಲ ಹೇಳಬೇಕು, ಗದ್ದೆಯ ಕಡೆ ತಲೆಹಾಕುವುದಿಲ್ಲ. ಮನೆಯಲ್ಲಿ ಎಲ್ಲರೂ ಸೋಮಾರಿ ಎನ್ನುತ್ತಾರೆ. ಆಸ್ಪತ್ರೆಯಲ್ಲಿ ಯಾರೋ ‘ಪಿಯರ್ ಸಪೋರ್ಟ್’ ಎಂದರು. ಅದು ಕೌನ್ಸೆಲಿಂಗೇ? ಅಲ್ಲಿ ಏನು ಮಾಡುತ್ತಾರೆ?

ಉತ್ತರ: ಅಮ್ಮ, ಮೊದಲು ಆ ‘ಸೋಮಾರಿ’ ಎಂಬ ಮಾತನ್ನು ಮನೆಯಿಂದ ಆಚೆ ಇಡೋಣ. ಈ ಕಾಯಿಲೆಯಲ್ಲಿ ಮುಖ್ಯವಾಗಿ ಎರಡು ಬಗೆಯ ಲಕ್ಷಣಗಳು ಕಾಣುತ್ತವೆ. ಇಲ್ಲದ ದನಿ ಕೇಳಿಸುವುದು, ಯಾರೋ ತನಗೆ ಕೇಡು ಬಗೆಯುತ್ತಿದ್ದಾರೆ ಎಂದು ಬಲವಾಗಿ ನಂಬುವುದು ಒಂದು ಬಗೆ; ಉತ್ಸಾಹ ಬತ್ತಿಹೋಗುವುದು, ಮಾತು ಕಡಿಮೆಯಾಗುವುದು, ಯಾವ ಕೆಲಸವನ್ನೂ ತಾನಾಗಿ ಶುರುಮಾಡುವ ಶಕ್ತಿಯೇ ಇಲ್ಲದಂತಾಗುವುದು ಇನ್ನೊಂದು ಬಗೆ. ಈಗಿರುವ ಔಷಧಿಗಳು ಮೊದಲನೆಯದನ್ನು ಚೆನ್ನಾಗಿ ಹಿಡಿತಕ್ಕೆ ತರುತ್ತವೆ, ಎರಡನೆಯದರ ಮೇಲೆ ಅಷ್ಟಾಗಿ ಕೆಲಸ ಮಾಡುವುದಿಲ್ಲ. ಕೆಲವು ಮಾತ್ರೆಗಳಿಂದ ನಿದ್ದೆ ಹೆಚ್ಚುವುದೂ ಉಂಟು. ಹನ್ನೊಂದು ಗಂಟೆಯವರೆಗಿನ ನಿದ್ದೆಯ ವಿಷಯವನ್ನು ವೈದ್ಯರಿಗೆ ತಿಳಿಸಿ, ಮಾತ್ರೆಯ ಹೊತ್ತನ್ನೋ ಪ್ರಮಾಣವನ್ನೋ ಅವರು ಬದಲಿಸಬಹುದು. ನೀವಾಗಿ ಬದಲಿಸಬೇಡಿ. ಇವೆರಡರ ಜೊತೆಗೆ ಯಾವ ಪರೀಕ್ಷೆಯಲ್ಲೂ ಕಾಣದ ಒಂದು ನಷ್ಟವಿದೆ. ನಿಮ್ಮ ಮಗ ಹಾಸಿಗೆ ಹಿಡಿದಿದ್ದ ಮೂರು ವರ್ಷಗಳಲ್ಲಿ ಅವನ ಓರಗೆಯವರು ಬೆಂಗಳೂರಿಗೆ ಕೆಲಸಕ್ಕೆ ಹೋದರು, ಮದುವೆಯಾದರು, ಫೋನ್ ಮಾಡುವುದನ್ನು ನಿಲ್ಲಿಸಿದರು. ಕಾಯಿಲೆ ಹಿಂದೆ ಸರಿದ ಜಾಗದಲ್ಲಿ ಅವನಿಗೆ ಉಳಿದಿರುವುದು ಖಾಲಿ ದಿನಗಳು. ಪಿಯರ್ ಸಪೋರ್ಟ್ ಎಂಬುದು ಇರುವುದೇ ಆ ಖಾಲಿ ದಿನಗಳಿಗಾಗಿ.

ಅದು ಕೌನ್ಸೆಲಿಂಗ್ ಅಲ್ಲ. ಮಾನಸಿಕ ಕಾಯಿಲೆಯನ್ನು ಸ್ವತಃ ಅನುಭವಿಸಿ, ಚೇತರಿಸಿಕೊಂಡು, ಸ್ವಲ್ಪ ತರಬೇತಿ ಪಡೆದ ವ್ಯಕ್ತಿಯೊಬ್ಬರು ಈಗಷ್ಟೇ ಚೇತರಿಸಿಕೊಳ್ಳುತ್ತಿರುವ ಇನ್ನೊಬ್ಬರ ಜೊತೆಗೆ ನಿಲ್ಲುವುದು, ಅಥವಾ ಅಂಥ ಎಂಟು ಹತ್ತು ಜನ ವಾರಕ್ಕೊಮ್ಮೆ ಕೂಡುವುದು. ನಮ್ಮಲ್ಲಿ ಅವರನ್ನು ‘ಜೊತೆಗಾರ’ ಎಂದು ಕರೆಯುವುದು ನನಗೆ ಇಷ್ಟ.

ನಾನು ಹತ್ತಿರದಿಂದ ಕಂಡದ್ದನ್ನು ಹೇಳುತ್ತೇನೆ. ನಿಮ್ಮ ಮಗನ ವಯಸ್ಸಿನ ಹುಡುಗನೊಬ್ಬ ಹೋಟೆಲಿಗೆ ಕಾಲಿಡಲು ಸುತರಾಂ ಒಪ್ಪುತ್ತಿರಲಿಲ್ಲ. ನಾವೆಲ್ಲ ಅದನ್ನು ಜನರ ಭಯ ಎಂದುಕೊಂಡು ಅದಕ್ಕೆ ತಕ್ಕ ಅಭ್ಯಾಸಗಳನ್ನು ಮಾಡಿಸುತ್ತಿದ್ದೆವು. ಅವನ ಜೊತೆಗಾರ ಅದೇ ಕಾಯಿಲೆಯನ್ನು ದಾಟಿ ಬಂದ, ನಲವತ್ತರ ಆಸುಪಾಸಿನವರು. ಮೂರು ಬೆಳಗು ಅವನೊಡನೆ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಸುಮ್ಮನೆ ನಡೆದರು. ನಾಲ್ಕನೆಯ ದಿನ ಹೊರಗೆ ಬಂದು ಒಂದು ಸಣ್ಣ ಹೋಟೆಲಿನ ಮುಂದೆ ನಿಂತು, ಹುಡುಗನನ್ನು ಏನೂ ಕೇಳದೆ, ಬೈಟು ಕಾಫಿ ಹೇಳಿದರು. ಅರ್ಧ ತುಂಬಿದ ಲೋಟ ಅವನ ಕೈಗೆ ಬಂತು. ಕೈ ನಡುಗಿತು, ಆದರೆ ಕಾಫಿ ಚೆಲ್ಲಲಿಲ್ಲ. ಅವನ ಅಂಜಿಕೆ ಇದ್ದದ್ದು ಅಲ್ಲಿ: ಮಾತ್ರೆಯಿಂದ ಕೈ ನಡುಗುತ್ತಿತ್ತು, ತುಂಬಿದ ಲೋಟ ಎತ್ತಿದರೆ ಅಂಗಿಯ ಮೇಲೆ ಚೆಲ್ಲುತ್ತದೆ, ಎಲ್ಲರೂ ತಿರುಗಿ ನೋಡುತ್ತಾರೆ. ಅದನ್ನು ಅವನು ನಮ್ಮಲ್ಲಿ ಯಾರಿಗೂ ಹೇಳಿರಲಿಲ್ಲ. ಜೊತೆಗಾರರಿಗೆ ಹೇಳಬೇಕಾಗಿಯೇ ಇರಲಿಲ್ಲ, ಏಕೆಂದರೆ ಅವರೂ ಒಂದು ಕಾಲದಲ್ಲಿ ಮದುವೆಮನೆಯ ಪಂಕ್ತಿಯಲ್ಲಿ ಪಾಯಸದ ಲೋಟವನ್ನು ಮುಟ್ಟದೆ ಎದ್ದುಬಂದವರು. ಆ ವಾರವೇ ನಡುಕದ ವಿಷಯ ವೈದ್ಯರಿಗೆ ತಲುಪಿ ಔಷಧಿಯನ್ನು ಸರಿಪಡಿಸಲಾಯಿತು. ನನ್ನ ಓದು, ನನ್ನ ಅನುಭವ ಯಾವುದೂ ಕೊಡದ ತಿಳಿವಳಿಕೆಯೊಂದು ಅವರಲ್ಲಿತ್ತು ಎಂಬುದನ್ನು ನಾನು ಮನಸಾರೆ ಒಪ್ಪಿಕೊಳ್ಳುತ್ತೇನೆ.

ಪ್ರಶ್ನೆ (ಮೈಸೂರಿನ ನಿವೃತ್ತ ಅಧ್ಯಾಪಕರು): ತಮ್ಮ ಬಗ್ಗೆ ಗೌರವವಿಟ್ಟೇ ಕೇಳುತ್ತಿದ್ದೇನೆ. ಒಮ್ಮೆ ಮನಸ್ಸು ಕೆಟ್ಟವರು ಇನ್ನೊಬ್ಬರಿಗೆ ದಾರಿ ತೋರಿಸುವುದು ಕುರುಡನ ಕೈಯನ್ನು ಕುರುಡ ಹಿಡಿದಂತೆ ಆಗುವುದಿಲ್ಲವೇ? ಇದರಿಂದ ಪ್ರಯೋಜನವಿದೆ ಎನ್ನುವುದಕ್ಕೆ ಆಧಾರವೇನು?

ಉತ್ತರ: ತಮ್ಮ ಪ್ರಶ್ನೆ ನ್ಯಾಯವಾದದ್ದು. ಕಣ್ಣಿನ ಹೋಲಿಕೆಯನ್ನೇ ಇಟ್ಟುಕೊಂಡು ಹೇಳುವುದಾದರೆ, ಜೊತೆಗಾರರು ಶಸ್ತ್ರಚಿಕಿತ್ಸೆಯಾಗಿ ಕಣ್ಣು ಬಂದವರು. ಪಟ್ಟಿ ಬಿಚ್ಚಿದ ಮೊದಲ ದಿನ ಬೆಳಕು ಹೇಗೆ ಚುಚ್ಚುತ್ತದೆ ಎಂಬುದನ್ನು ಬಲ್ಲವರು.

ಈ ವಿಚಾರ ಹೊಸದೂ ಅಲ್ಲ. ಪ್ಯಾರಿಸ್ಸಿನ ಬಿಸೆತ್ರ್ ಆಸ್ಪತ್ರೆಯಲ್ಲಿ ಮನೋರೋಗಿಗಳ ವಿಭಾಗವನ್ನು ನೋಡಿಕೊಳ್ಳುತ್ತಿದ್ದ ಝಾನ್ ಬ್ಯಾಪ್ಟಿಸ್ಟ್ ಪ್ಯುಸ್ಸಾಂ, ತಾನೇ ಗಂಡಮಾಲೆಯ (ಕುತ್ತಿಗೆಯಲ್ಲಿ ಗಂಟುಗಳೇಳುವ ಕಾಯಿಲೆ) ಚಿಕಿತ್ಸೆಗಾಗಿ ಆ ಆಸ್ಪತ್ರೆಗೆ ಸೇರಿದ್ದವನು. ಗುಣಮುಖರಾದ ರೋಗಿಗಳನ್ನೇ ಆರಿಸಿ ಪರಿಚಾರಕರನ್ನಾಗಿ ನೇಮಿಸಿಕೊಳ್ಳುತ್ತಿದ್ದ. ಅವರು ರೋಗಿಗಳ ಮೇಲೆ ಕೈಮಾಡುವುದಿಲ್ಲ, ಕರುಣೆಯಿಂದ ನಡೆದುಕೊಳ್ಳುತ್ತಾರೆ ಎಂಬುದನ್ನು 1790ರ ದಶಕದಲ್ಲಿ ವೈದ್ಯ ಫಿಲಿಪ್ ಪಿನೆಲ್ ಗುರುತಿಸಿ ಬರೆದ. ನ್ಯೂಯಾರ್ಕಿನಲ್ಲಿ ಆಸ್ಪತ್ರೆಯಿಂದ ಬಿಡುಗಡೆಯಾದವರು ‘ನಾವು ಒಂಟಿಯಲ್ಲ’ ಎಂಬ ಅರ್ಥದ ಹೆಸರಿಟ್ಟುಕೊಂಡು ಒಟ್ಟಾಗಿ ಸೇರುತ್ತಿದ್ದ ಗುಂಪಿನಿಂದ 1948ರಲ್ಲಿ, ಚೇತರಿಸಿಕೊಳ್ಳುತ್ತಿರುವವರು ಬಂದು ಕೂಡುವ ಫೌಂಟನ್ ಹೌಸ್ ಎಂಬ ಕೇಂದ್ರ ಹುಟ್ಟಿತು. ನಮ್ಮ ದೇಶದಲ್ಲಿಯೇ, ಗುಜರಾತಿನ ಸರ್ಕಾರಿ ಮಾನಸಿಕ ಆಸ್ಪತ್ರೆಗಳಲ್ಲಿ 2014ರಿಂದ ವಿಶ್ವ ಆರೋಗ್ಯ ಸಂಸ್ಥೆಯ ‘ಕ್ವಾಲಿಟಿರೈಟ್ಸ್’ (ಸೇವೆಯ ಗುಣಮಟ್ಟ ಮತ್ತು ರೋಗಿಗಳ ಹಕ್ಕು) ಕಾರ್ಯಕ್ರಮದ ಭಾಗವಾಗಿ, ಚೇತರಿಸಿಕೊಂಡವರು ಸ್ವಯಂಸೇವಕರಾಗಿ ಇತರ ರೋಗಿಗಳಿಗೆ ನೆರವಾದದ್ದುಂಟು. ಅದೇ ಸಂಸ್ಥೆ 2021ರ ಜೂನ್‌ನಲ್ಲಿ ಸಮುದಾಯ ಮಾನಸಿಕ ಆರೋಗ್ಯ ಸೇವೆಗಳ ಬಗ್ಗೆ ಮಾರ್ಗದರ್ಶಿ ಹೊರಡಿಸಿದಾಗ ಪಿಯರ್ ಸಪೋರ್ಟಿಗೆ ಪ್ರತ್ಯೇಕ ಸ್ಥಾನ ಕೊಟ್ಟು, ಆಫ್ರಿಕಾದ ಕೀನ್ಯಾ ದೇಶದ ನೈರೋಬಿಯ ಒಂದು ಗುಂಪನ್ನು ಉದಾಹರಣೆಗಳಲ್ಲಿ ಸೇರಿಸಿತು. ನೈರೋಬಿಯ ಹೆಸರನ್ನು ಹೇಳುವುದಕ್ಕೆ ಕಾರಣವಿದೆ: ಇದು ದುಡ್ಡಿರುವ ದೇಶಗಳಿಗೆ ಮಾತ್ರ ಸಾಧ್ಯ ಎಂಬ ಮಾತನ್ನು ನಾನು ಪದೇಪದೇ ಕೇಳುತ್ತೇನೆ.

ಅಂಕಿಅಂಶ ಬೇಕೆಂದರೆ, 2018ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಇಂಗ್ಲೆಂಡಿನ ಅಧ್ಯಯನವನ್ನು ನೋಡಬಹುದು. ತೀವ್ರ ಹಂತದ ಚಿಕಿತ್ಸೆ ಮುಗಿಸಿದ 441 ಜನರಲ್ಲಿ ಒಂದು ಗುಂಪಿಗೆ ಜೊತೆಗಾರರ ಹತ್ತು ಭೇಟಿಗಳವರೆಗಿನ ನೆರವಿನೊಡನೆ ಚೇತರಿಕೆಯ ಕೈಪಿಡಿಯನ್ನೂ, ಇನ್ನೊಂದಕ್ಕೆ ಬರಿಯ ಕೈಪಿಡಿಯನ್ನೂ ಕೊಟ್ಟರು. ಒಂದು ವರ್ಷದೊಳಗೆ ಮತ್ತೆ ತೀವ್ರ ಚಿಕಿತ್ಸೆಗೆ ಮರಳಿದವರು ಮೊದಲ ಗುಂಪಿನಲ್ಲಿ ಶೇ 29, ಎರಡನೆಯದರಲ್ಲಿ ಶೇ 38. ಎಲ್ಲ ಅಧ್ಯಯನಗಳೂ ಇಷ್ಟು ಸ್ಪಷ್ಟ ಫಲವನ್ನು ತೋರಿಸಿಲ್ಲ ಎಂಬುದನ್ನೂ ಹೇಳಬೇಕು. ಭರವಸೆ ಮತ್ತು ಆತ್ಮವಿಶ್ವಾಸ ಹೆಚ್ಚುವುದು ಹಲವೆಡೆ ಕಂಡಿದೆ. ಲಕ್ಷಣಗಳು ಕಡಿಮೆಯಾಗುವ ಬಗ್ಗೆ ಅಂಥ ಖಚಿತ ಪುರಾವೆ ಇಲ್ಲ. ಆದ್ದರಿಂದಲೇ ಇದನ್ನು ಔಷಧಿಗೆ ಬದಲಿ ಎಂದು ಯಾರಾದರೂ ಹೇಳಿದರೆ ದಯವಿಟ್ಟು ನಂಬಬೇಡಿ.

ಪ್ರಶ್ನೆ (ಮಂಡ್ಯ ಜಿಲ್ಲೆಯ ರೈತರು, 34 ವರ್ಷ): ನನಗೆ ಬೈಪೋಲಾರ್ ಕಾಯಿಲೆ (ಮನಸ್ಸು ಒಮ್ಮೆ ಉನ್ಮಾದಕ್ಕೆ ಏರಿ, ಒಮ್ಮೆ ಖಿನ್ನತೆಗೆ ಇಳಿಯುವುದು) ಇದೆ. ಎರಡು ಸಲ ಆಸ್ಪತ್ರೆ ಸೇರಿದ್ದೆ. ಈಗ ಐದು ವರ್ಷದಿಂದ ಲಿಥಿಯಂ ಮಾತ್ರೆಯ ಮೇಲೆ ಚೆನ್ನಾಗಿದ್ದೇನೆ, ಕಬ್ಬು ಬೆಳೆಯುತ್ತೇನೆ. ನಾನು ಪಟ್ಟ ಪಾಡನ್ನು ಇನ್ನೊಬ್ಬರು ಪಡಬಾರದು ಎಂಬ ಆಸೆ. ನಾನು ಜೊತೆಗಾರನಾಗಬಹುದೇ? ಏನು ಕಲಿಯಬೇಕು? ನನ್ನ ಕಥೆಯನ್ನೆಲ್ಲ ಹೇಳಬೇಕೇ?

ಉತ್ತರ: ಆಗಬಹುದು, ಮತ್ತು ನಿಮ್ಮಂಥವರ ಅಗತ್ಯ ಬಹಳ ಇದೆ. ಏಕೆ ಎಂಬುದಕ್ಕೆ ನಿಮ್ಮ ಕಸುಬಿನಿಂದಲೇ ಉದಾಹರಣೆ ಕೊಡುತ್ತೇನೆ. ಬೈಪೋಲಾರ್ ಇರುವವರಿಗೆ ನಿದ್ದೆಗೆಡಬೇಡಿ, ನಿದ್ದೆ ತಪ್ಪಿದರೆ ಉನ್ಮಾದ ಮರುಕಳಿಸಬಹುದು ಎಂದು ನಾವು ಹೇಳಿ ಕಳಿಸುತ್ತೇವೆ. ಆದರೆ ಪಂಪ್‌ಸೆಟ್ಟಿಗೆ ತ್ರೀಫೇಸ್ ಕರೆಂಟ್ ರಾತ್ರಿ ಪಾಳಿಯಲ್ಲಿ ಬಂದರೆ ರೈತ ನಿದ್ದೆಯನ್ನು ನೋಡುತ್ತಾನೋ, ಒಣಗುತ್ತಿರುವ ಕಬ್ಬನ್ನು ನೋಡುತ್ತಾನೋ? ಆ ವಾರ ತಮ್ಮನನ್ನೋ ಪಕ್ಕದ ಜಮೀನಿನವರನ್ನೋ ನೀರು ಕಟ್ಟಲು ಒಪ್ಪಿಸಿ, ಬದಲಿಗೆ ಹಗಲಿನಲ್ಲಿ ಅವರ ಕೆಲಸವನ್ನು ತಾನು ಮಾಡಿಕೊಡುವ ಏರ್ಪಾಡು ಹೇಗೆ ಮಾಡಿಕೊಳ್ಳುವುದು, ಕಾಯಿಲೆಯ ಹೆಸರೆತ್ತದೆ ಅದನ್ನು ಹೇಗೆ ಕೇಳುವುದು ಎಂಬುದನ್ನು ಐದು ವರ್ಷ ಬಾಳಿ ತೋರಿಸಿದ ನೀವು ಹೇಳಬಲ್ಲಿರಿ, ನಾನು ಹೇಳಲಾರೆ. ಹಾಗೆಯೇ ಲಿಥಿಯಂ ತೆಗೆದುಕೊಳ್ಳುವವರು ಬಿಸಿಲಲ್ಲಿ ಬೆವರಿ ನೀರು ಕುಡಿಯದಿದ್ದರೆ, ಮೈಕೈ ನೋವಿಗೆ ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗಿದರೆ, ರಕ್ತದಲ್ಲಿ ಲಿಥಿಯಂ ಮಟ್ಟ ಅಪಾಯಕ್ಕೆ ಏರಬಹುದು. ಇದನ್ನು ನಾವು ಹೇಳಿದಾಗ ತಲೆಯಾಡಿಸುವವರು, ಕಬ್ಬು ಕಡಿದು ಬಂದವರೊಬ್ಬರು ಹೇಳಿದಾಗ ನಿಜವಾಗಿ ಕೇಳಿಸಿಕೊಳ್ಳುತ್ತಾರೆ.

ಇಲ್ಲಿಯೇ ಒಂದು ಗೆರೆ ಇದೆ. ‘ಔಷಧಿಯ ಬಗ್ಗೆ ಡಾಕ್ಟರನ್ನು ಕೇಳು, ನಾನೂ ಜೊತೆಗೆ ಬರುತ್ತೇನೆ’ ಎನ್ನುವುದು ಜೊತೆಗಾರನ ಮಾತು. ‘ನಾನು ಅರ್ಧ ಮಾತ್ರೆ ಬಿಟ್ಟೆ, ಏನೂ ಆಗಲಿಲ್ಲ, ನೀನೂ ಬಿಡು’ ಎನ್ನುವುದು ಅಪಾಯದ ಮಾತು. ನೀವು ಅರೆಡಾಕ್ಟರ್ ಆದ ದಿನ ನಿಮ್ಮ ಬೆಲೆ ಹೋಗುತ್ತದೆ, ಏಕೆಂದರೆ ಡಾಕ್ಟರು ಬೇಕಾದರೆ ಅವರಿಗೆ ಡಾಕ್ಟರೇ ಇದ್ದಾರೆ; ಇಲ್ಲದೆ ಇದ್ದದ್ದು ನೀವು.

ಕಥೆಯ ವಿಚಾರಕ್ಕೆ ಬರುತ್ತೇನೆ. ಎಲ್ಲವನ್ನೂ ಹೇಳಬೇಕಿಲ್ಲ. ನಿಮ್ಮ ಅನುಭವ ಎದುರಿಗಿರುವವರಿಗೆ ಆ ಹೊತ್ತಿಗೆ ಉಪಯೋಗಕ್ಕೆ ಬಂದರೆ ಎರಡು ಮಾತಿನಲ್ಲಿ ಹೇಳಿ, ಮತ್ತೆ ಅವರ ಮಾತಿಗೆ ಜಾಗ ಬಿಡಿ. ಹೊಸದಾಗಿ ಬಂದ ಉತ್ಸಾಹಿಗಳು ಎಡವುವುದು ಇಲ್ಲಿಯೇ. ಎದುರಿನವರು ‘ಅಪ್ಪ ನನ್ನ ಜೊತೆ ಮಾತು ಬಿಟ್ಟಿದ್ದಾರೆ’ ಎಂದರೆ ಸಾಕು, ಇವರು ತಮ್ಮ ಅಪ್ಪನ ಕಥೆಯನ್ನು ಅರ್ಧ ಗಂಟೆ ಹೇಳುತ್ತಾರೆ. ತರಬೇತಿಯಲ್ಲಿ ಹೆಚ್ಚಿನ ಪಾಲು ಕಲಿಸುವುದು ಕೇಳಿಸಿಕೊಳ್ಳುವುದನ್ನು. ಉಳಿದಂತೆ ಮರುಕಳಿಕೆಯ ಮುನ್ಸೂಚನೆಗಳನ್ನು ಗುರುತಿಸುವುದು, ಗುಟ್ಟನ್ನು ಕಾಯುವುದು, ಯಾವಾಗ ತಕ್ಷಣ ಬೇರೆಯವರಿಗೆ ತಿಳಿಸಬೇಕು ಎಂಬುದು. ಗುಟ್ಟಿನ ವಿಷಯವನ್ನು ಊರುಗಳಲ್ಲಿ ಎಷ್ಟು ಒತ್ತಿ ಹೇಳಿದರೂ ಸಾಲದು: ಗುಂಪಿನಲ್ಲಿ ಸಿಕ್ಕವರು ನಾಳೆ ಮದ್ದೂರಿನ ಸಂತೆಯಲ್ಲಿ ಎದುರಾದರೆ, ಅವರಾಗಿ ಮಾತಾಡಿಸುವ ತನಕ ನೀವು ಗುರುತು ತೋರಿಸಬಾರದು. ಸಾಲ ಕೊಡುವುದು, ಪಡೆಯುವುದು ಬೇಡ. ರಾತ್ರಿ ಎಷ್ಟು ಗಂಟೆಯವರೆಗೆ ಫೋನ್ ಎತ್ತುತ್ತೀರಿ ಎಂಬುದನ್ನು ಮೊದಲ ದಿನವೇ ಹೇಳಿಬಿಡಿ. ನಿಮಗೆ ನಿದ್ದೆಯೇ ಔಷಧಿಯಾಗಿರುವಾಗ ಇದು ಸಣ್ಣ ವಿಷಯವಲ್ಲ.

ನಿಮ್ಮ ಆರೋಗ್ಯಕ್ಕೂ ಒಂದು ಏರ್ಪಾಡು ಇರಲಿ. ಮುನ್ಸೂಚನೆ ಕಂಡರೆ ಯಾರು ನಿಮಗೆ ಹೇಳಬೇಕು, ಯಾವಾಗ ಈ ಕೆಲಸದಿಂದ ರಜೆ ತೆಗೆದುಕೊಳ್ಳಬೇಕು ಎಂಬುದನ್ನು ಚೆನ್ನಾಗಿರುವಾಗಲೇ ಬರೆದಿಡಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ, ಮುಂದೆ ಕಾಯಿಲೆ ಉಲ್ಬಣಿಸಿದರೆ ನಿಮಗೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂಬ ಮುಂಗಡ ನಿರ್ದೇಶನವನ್ನು ನೀವು ಈಗಲೇ ಬರೆದಿಡಬಹುದು. ನಿಮ್ಮ ಪರವಾಗಿ ನಿಲ್ಲುವ ನಾಮನಿರ್ದೇಶಿತ ಪ್ರತಿನಿಧಿಯನ್ನೂ ನೀವೇ ಆರಿಸಬಹುದು. ಇದನ್ನು ಸ್ವತಃ ಮಾಡಿದವರು ಇನ್ನೊಬ್ಬರಿಗೆ ವಿವರಿಸುವುದಕ್ಕೂ, ನಾನು ಕಾಗದ ಹಿಡಿದು ವಿವರಿಸುವುದಕ್ಕೂ ತುಂಬ ವ್ಯತ್ಯಾಸವಿದೆ.

ನೀವು ಕೇಳಿಲ್ಲ, ಆದರೂ ಹಣದ ಮಾತನ್ನು ನಾನೇ ಎತ್ತುತ್ತೇನೆ. ಈ ಕೆಲಸವನ್ನು ಸದಾ ಸೇವೆ ಎಂಬ ಹೆಸರಿನಲ್ಲಿ ಪುಕ್ಕಟೆ ಮಾಡಿಸುವುದನ್ನು ನಾನು ಒಪ್ಪುವುದಿಲ್ಲ. ಅಮೆರಿಕದ ಜಾರ್ಜಿಯಾ ರಾಜ್ಯ 1999ರಲ್ಲಿಯೇ ಇದನ್ನು ಸರ್ಕಾರಿ ವಿಮೆಯಿಂದ ಹಣ ಸಂದಾಯವಾಗುವ ಸೇವೆಯನ್ನಾಗಿ ಮಾಡಿತು. ಒಂದು ದಿನದ ಕೂಲಿ ಬಿಟ್ಟು ಬರುವ ರೈತನಿಗೆ ಕನಿಷ್ಠ ಆ ಕೂಲಿ ಮತ್ತು ಬಸ್ ಚಾರ್ಜನ್ನಾದರೂ ಕೊಡದ ಸಂಸ್ಥೆ, ಅವನ ಅನುಭವಕ್ಕೆ ಗೌರವ ಕೊಡುತ್ತೇನೆ ಎಂದು ಹೇಳಿಕೊಳ್ಳಬಾರದು. ನಿಮ್ಮನ್ನು ಯಾರಾದರೂ ಕರೆದರೆ ಇದನ್ನು ಸಂಕೋಚವಿಲ್ಲದೆ ಕೇಳಿ.

ಪ್ರಶ್ನೆ (ಮೈಸೂರಿನಿಂದ, ಸಹೋದರಿಯೊಬ್ಬರು): ಇಂಥ ಗುಂಪಿನಲ್ಲಿ ಯಾರಾದರೂ ಸಾಯುವ ಮಾತಾಡಿದರೆ ಏನು ಮಾಡುತ್ತಾರೆ?

ಉತ್ತರ: ಅದನ್ನು ಗುಟ್ಟಾಗಿ ಇಟ್ಟುಕೊಳ್ಳುವುದಿಲ್ಲ. ಜೀವಕ್ಕೆ ಅಪಾಯವಿದೆ ಎನ್ನಿಸಿದರೆ ಮನೆಯವರಿಗೂ ಚಿಕಿತ್ಸಕರಿಗೂ ತಿಳಿಸುತ್ತೇವೆ ಎಂಬುದನ್ನು ಗುಂಪಿಗೆ ಸೇರುವ ದಿನವೇ ಎಲ್ಲರಿಗೂ ಹೇಳಿರಬೇಕು. ಜೊತೆಗಾರರು ಮಾತನ್ನು ಬದಲಿಸದೆ, ‘ಸಾಯಬೇಕು ಅನ್ನಿಸುತ್ತಿದೆಯೇ?’ ಎಂದು ನೇರವಾಗಿ ಕೇಳಬೇಕು. ಕೇಳುವುದರಿಂದ ಆ ಯೋಚನೆ ಹುಟ್ಟಿಬಿಡುತ್ತದೆ ಎಂಬುದು ತಪ್ಪು ತಿಳಿವಳಿಕೆ. ಅವರನ್ನು ಒಬ್ಬರೇ ಬಿಡದೆ, ಮಾತ್ರೆಗಳನ್ನೂ ಹೊಲದ ಕೀಟನಾಶಕವನ್ನೂ ಕೈಗೆ ಸಿಗದಂತೆ ಇಟ್ಟು, ಹತ್ತಿರದ ಆಸ್ಪತ್ರೆಗೆ ಕರೆದೊಯ್ಯಬೇಕು. 2022ರ ಅಕ್ಟೋಬರ್‌ನಿಂದ ನಡೆಯುತ್ತಿರುವ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ದಿನದ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತಾಡಬಹುದು. ಇದರ ಭಾರವನ್ನು ಜೊತೆಗಾರ ಒಬ್ಬನೇ ಹೊರಬಾರದು, ಅವನ ಹಿಂದೆ ನಮ್ಮಂಥವರು ಯಾರಾದರೂ ಇರಲೇಬೇಕು.

ಪ್ರಶ್ನೆ (ಮಳವಳ್ಳಿ ಕಡೆಯ ಆರೈಕೆದಾರರು): ನಮ್ಮ ಭಾಗದಲ್ಲಿ ಇದು ಎಲ್ಲಿ ಸಿಗುತ್ತದೆ? ಸಿಗದಿದ್ದರೆ ನಾವೇ ಶುರುಮಾಡಬಹುದೇ?

ಉತ್ತರ: ಆಸ್ಪತ್ರೆಯ ಹೊರರೋಗಿ ವಿಭಾಗದಂತೆ ಬೋರ್ಡು ಹಾಕಿಕೊಂಡ ಪಿಯರ್ ಸಪೋರ್ಟ್ ಸೇವೆ ನಮ್ಮ ತಾಲ್ಲೂಕುಗಳಲ್ಲಿ ಬೆಳೆದಿಲ್ಲ, ಆ ಕೊರತೆ ನನ್ನನ್ನು ಬಹಳ ಕಾಡುತ್ತದೆ. ಕಾನೂನಿನಲ್ಲಿ ಅದಕ್ಕೆ ನೆಲೆಯಿದೆ. 2018ರ ಮೇ 29ರಿಂದ ಜಾರಿಯಲ್ಲಿರುವ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 19ನೇ ಸೆಕ್ಷನ್ ಸಮಾಜದ ನಡುವೆ ಬದುಕುವುದನ್ನು ಹಕ್ಕು ಎಂದೇ ಹೇಳುತ್ತದೆ. ಮನೆಯವರು ಒಪ್ಪಲಿಲ್ಲ ಅಥವಾ ಸಮುದಾಯದಲ್ಲಿ ಸೌಲಭ್ಯವಿಲ್ಲ ಎಂಬ ಕಾರಣಕ್ಕೆ ಯಾರನ್ನೂ ಆಸ್ಪತ್ರೆಯಲ್ಲಿ ಇರಿಸಿಕೊಳ್ಳುವಂತಿಲ್ಲ. ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ಕಾಯಿಲೆ ಅನುಭವಿಸಿದವರ ಪ್ರತಿನಿಧಿಗಳಿಗೂ ಆರೈಕೆದಾರರ ಪ್ರತಿನಿಧಿಗಳಿಗೂ ಜಾಗವಿರಬೇಕೆಂದು ಅದೇ ಕಾಯ್ದೆ ಹೇಳುತ್ತದೆ.

ನೀವು ಮೊದಲು ಹೋಗಬೇಕಾದದ್ದು ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದವರ ಬಳಿಗೆ. ಚೇತರಿಸಿಕೊಳ್ಳುತ್ತಿರುವವರು ಹಗಲು ಹೊತ್ತು ಬಂದು ಕೂಡುವ ‘ಮಾನಸಧಾರಾ’ ಕೇಂದ್ರಗಳು ರಾಜ್ಯದ ಯೋಜನೆಯಲ್ಲಿವೆ. ನಿಮ್ಮ ಜಿಲ್ಲೆಯಲ್ಲಿ ಅದು ಎಲ್ಲಿ ನಡೆಯುತ್ತಿದೆ, ಗುಂಪು ಸೇರಲು ಒಂದು ಕೋಣೆ ಕೊಡುತ್ತಾರೆಯೇ ಎಂದು ಕೇಳಿ. ‘ಮನೋಚೈತನ್ಯ’ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ಮಂಗಳವಾರ ಯಾವುದೆಂದು ತಿಳಿದುಕೊಳ್ಳಿ. ಅಂದು ಔಷಧಿಗಾಗಿ ಬಂದವರು ಹೇಗೂ ಒಂದೆರಡು ಗಂಟೆ ಬೆಂಚಿನ ಮೇಲೆ ಕಾಯುತ್ತಿರುತ್ತಾರೆ, ಗುಂಪು ಅಲ್ಲಿಂದಲೇ ಹುಟ್ಟಬಹುದು. ಮೈಸೂರಿನ ಕೆ.ಆರ್. ಆಸ್ಪತ್ರೆ, ಮಂಡ್ಯದ ಮಿಮ್ಸ್ (ಸರ್ಕಾರಿ ವೈದ್ಯಕೀಯ ಕಾಲೇಜು) ಆಸ್ಪತ್ರೆಯ ಮನೋವೈದ್ಯಕೀಯ ವಿಭಾಗಗಳಲ್ಲಿ ವಿಚಾರಿಸಿ, ತಿಂಗಳಿಗೊಮ್ಮೆಯಾದರೂ ಮಾರ್ಗದರ್ಶನ ಮಾಡುವ ಒಬ್ಬರನ್ನು ಹುಡುಕಿಕೊಳ್ಳಿ.

ನೀವೇ ಶುರುಮಾಡುವುದಾದರೆ ನಾಲ್ಕು ಜನ ಸಾಕು. ಯಾರ ಮನೆಯಲ್ಲೂ ಬೇಡ, ದೇವಸ್ಥಾನದ ಜಗಲಿಯಲ್ಲೂ ಬೇಡ. ‘ಗಾಳಿ ಸೋಕಿದೆ’ ಎಂದು ಹಿಂದೆ ಅಲ್ಲಿಗೆ ಎಳೆದೊಯ್ದ ನೆನಪು ಕೆಲವರಿಗೆ ಇನ್ನೂ ಹಸಿಯಾಗಿರುತ್ತದೆ. ಗ್ರಂಥಾಲಯದ ಕೋಣೆ ಅಥವಾ ಶಾಲೆ ಬಿಟ್ಟ ಮೇಲಿನ ಒಂದು ತರಗತಿ ಒಳ್ಳೆಯದು. ಮನೆಯವರ ಗುಂಪನ್ನೂ ಚೇತರಿಸಿಕೊಳ್ಳುತ್ತಿರುವವರ ಗುಂಪನ್ನೂ ಬೇರೆಬೇರೆ ಕೂರಿಸಿ, ತಾಯಿ ಎದುರಿಗಿದ್ದರೆ ಮಗ ಬಾಯಿ ಬಿಡುವುದಿಲ್ಲ.

ಹೆಣ್ಣುಮಕ್ಕಳು ಬರುವುದು ತೀರಾ ಕಡಿಮೆ. ಮದುವೆಯಾಗದವರಿದ್ದರೆ ಸಂಬಂಧ ತಪ್ಪುತ್ತದೆ ಎಂದೂ, ಮದುವೆಯಾದವರಿದ್ದರೆ ಗಂಡನ ಮನೆಗೆ ತಿಳಿಯುತ್ತದೆ ಎಂದೂ ಹೆದರಿ ಕಳಿಸುವುದಿಲ್ಲ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಬಸ್ಸು ಉಚಿತವಾದ ಮೇಲೆ, ಮನೆಯಲ್ಲಿ ದುಡ್ಡು ಕೇಳದೆ, ಕಾರಣ ಹೇಳದೆ, ತಮ್ಮೂರಿನಿಂದ ದೂರದ ಗುಂಪಿಗೆ ಬಂದುಹೋಗುವ ಕೆಲವರನ್ನು ಕಂಡಿದ್ದೇನೆ. ಗುಂಪಿನ ವೇಳೆಯನ್ನು ಅವರ ಬಸ್ಸಿಗೆ ಹೊಂದಿಸಿ ಇಡಿ.

ಪ್ರಶ್ನೆ (ಮೊದಲು ಕೇಳಿದ ತಾಯಿ): ಉತ್ತರ ಓದಿ ಹೇಳಿದೆ. ಬರುವುದಿಲ್ಲ ಎಂದ. ಒತ್ತಾಯ ಮಾಡಲೇ? ನಾನೂ ಜೊತೆಗೆ ಬರಬಹುದೇ?

ಉತ್ತರ: ಒತ್ತಾಯ ಬೇಡ. ಒಪ್ಪಿ ಬರದಿದ್ದರೆ ಇದು ಅವನ ಪಾಲಿಗೆ ಮೇಲಿನಿಂದ ಹೇರಿದ ಇನ್ನೊಂದು ಚಿಕಿತ್ಸೆಯಾಗುತ್ತದೆ. ಮುಂದಿನ ಸಲ ಔಷಧಿಗೆ ಬಂದಾಗ ತಿಳಿಸಿ, ಜೊತೆಗಾರರೊಬ್ಬರು ಆಸ್ಪತ್ರೆಯ ಹೊರಗೆ ಹತ್ತು ನಿಮಿಷ ಸಿಗುವಂತೆ ನೋಡುತ್ತೇನೆ. ಮುಖ ಪರಿಚಯವಾದರೆ ಅರ್ಧ ದಾರಿ ಕಳೆದಂತೆ. ಆಮೇಲೂ ಬೇಡ ಎಂದರೆ ಒಂದೆರಡು ತಿಂಗಳು ಬಿಟ್ಟು ಮತ್ತೆ ಕೇಳೋಣ. ಒಪ್ಪಿದರೆ ಮೊದಲ ದಿನ ನೀವೂ ಬನ್ನಿ, ಹೊರಗೆ ಕುಳಿತಿರಿ, ಒಳಗೆ ಏನು ಮಾತಾಡಿದೆ ಎಂದು ಬಸ್ಸಿನಲ್ಲಿ ಕೇಳಬೇಡಿ. ನಿಮಗೆ ಟಿಕೆಟ್ ಉಚಿತ, ಅವನಿಗೆ ಇಲ್ಲ. ಅವನ ಚಾರ್ಜನ್ನು ನೀವು ಕಂಡಕ್ಟರಿಗೆ ಕೊಡಬೇಡಿ, ಮನೆಯಲ್ಲಿಯೇ ಅವನ ಕೈಗೆ ಕೊಟ್ಟಿರಿ. ಟಿಕೆಟನ್ನು ಅವನೇ ಕೇಳಿ ತೆಗೆದುಕೊಳ್ಳಲಿ.